ಬಿಳಿ ಸೀರೆಯ ಮೇಲಿನ ಬಣ್ಣ

ಮಲ್ಲಪ್ಪನ ಮಗಳು ಮೇನಕಾ, ವಯಸ್ಸು ಮೂವತ್ತೊಂಬತ್ತು, ಕೊಳತ್ತೂರಿನ ಹತ್ತಿರದವಳು. ಮದುವೆಯಾಗಿರಲಿಲ್ಲ, ತಾಯಿ ಕಣ್ಣಮ್ಮನೊಡನೆ ವಾಸ. ಹನ್ನೊಂದು ವರ್ಷದ ಹಿಂದೆ ಮೆಟ್ಟೂರು ಅಣೆಕಟ್ಟೆಯ ನೀರಿಗೆ ಹರಿಗೋಲು ಇಳಿಸಿದ ತಂದೆ ಮರಳಲಿಲ್ಲ. ದೇಹವೂ ಸಿಗಲಿಲ್ಲ. ಊರವರೇ ಕ್ರಿಯೆ ಮುಗಿಸಿ ಕಣ್ಣಮ್ಮನ ಕುಂಕುಮ ಅಳಿಸಿದರು.

ಮೇನಕಾ ಸ್ಟುಡಿಯೋವೊಂದರಲ್ಲಿ ಫೋಟೋ ತಿದ್ದುವ ಕೆಲಸದಲ್ಲಿದ್ದಳು. ಕಳೆದ ಆಷಾಢದಲ್ಲಿ, ಅಲ್ಲಿಯವರ ಆಡಿ ತಿಂಗಳಲ್ಲಿ, ತಾಯಿಯನ್ನು ಜಗಲಿಯಲ್ಲಿ ಕೂರಿಸಿ ಚಿತ್ರ ತೆಗೆದಳು. ಉಟ್ಟದ್ದು ಬಿಳಿ ಸೀರೆ, ಅದರ ತುಂಬ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ಕಂಪ್ಯೂಟರಿನಲ್ಲಿ ತೆರೆದರೆ ಎದೆಯ ಮೇಲೆ ಹಳದಿ, ಕೆಂಪು, ನೀಲಿ ಅಲೆಗಳು ಹರಡಿಕೊಂಡಿದ್ದವು.

ಪಕ್ಕದ ಮನೆಯ ಚಿನ್ನಕ್ಕ ಇಣುಕಿ ನಕ್ಕಳು: “ಏನಕ್ಕಾ, ಬಾವ ಬಂದು ಅರಿಸಿನ ಕುಂಕುಮ ಎರಚಿ ಓಗವ್ರೆ!”

ಕಣ್ಣಮ್ಮ ನಗಲಿಲ್ಲ. ಒಳಗೆ ಹೋಗಿ ಕುಂಕುಮದ ಭರಣಿ ಹುಡುಕತೊಡಗಿದಳು.

ಮೇನಕಾ ಹಿಂದೆಯೇ ಹೋದಳು: “ಬ್ಯಾಡಮ್ಮಾ, ಊರು ಉಗೀತದೆ. ಅದು ಕ್ಯಾಮರಾ ಏಳೋ ಸುಳ್ಳು.”

“ಸುಳ್ಳಾದ್ರೆ ತೋರ್ಸು.”

ಮೂರು ದಿನ ಕುಳಿತು ಮೇನಕಾ ಕ್ಯಾಮರಾದ ಕಣ್ಣನ್ನು ಅನುಕರಿಸುವ ಪ್ರೋಗ್ರಾಂ ಬರೆದಳು. ಆ ಕಣ್ಣಿನ ಒಂದೊಂದು ಚುಕ್ಕಿಯೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನೇ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಚುಕ್ಕಿಗಳಿಂದ ಊಹಿಸಿ ತುಂಬುತ್ತದೆ. ಗೆರೆ ತೀರ ಸಣ್ಣದಾದರೆ ಊಹೆ ತಪ್ಪಿ, ಇಲ್ಲದ ಬಣ್ಣ ಮೂಡುತ್ತದೆ. ತಾಯಿಗೆ ಇದನ್ನೆಲ್ಲ ವಿವರಿಸಿ, ಬರೀ ಕಪ್ಪು ಬಿಳುಪು ಗೆರೆಗಳನ್ನು ಎಳೆದು ಪ್ರೋಗ್ರಾಂ ಓಡಿಸಿದಳು. ಖಾಲಿ ಗೆರೆಗಳ ಒಳಗಿಂದ ಅದೇ ಹಳದಿ, ಅದೇ ಕೆಂಪು, ಸಾಲುಸಾಲಾಗಿ ಎದ್ದು ಬಂದವು.

“ನೋಡಿದ್ಯಾ? ಇಲ್ಲಿ ಸೀರೆನೂ ಇಲ್ಲ, ಯಾರೂ ಇಲ್ಲ.”

ಕಣ್ಣಮ್ಮ ಪರದೆಗೆ ಬೆರಳು ತಾಗಿಸಿದಳು. “ಯಾರೂ ಇಲ್ದಿರೋ ತಾವ್ಕೇ ನಿಮ್ಮಪ್ಪ ಬಂದವ್ರೆ. ನಾನಿರೋ ತಾವ್ಕೆ ಬರಾಕಿಲ್ವಾ ಮಗಾ?”

ಮೇನಕಾ ಗೆರೆಗಳನ್ನು ತುಸು ಓರೆ ಮಾಡಿ ಮತ್ತೆ ಓಡಿಸಿದಳು. ಅಲೆಗಳು ಅಳಿಯಲಿಲ್ಲ, ನಿಂತ ಜಾಗ ಬಿಟ್ಟು ಕಣ್ಣಮ್ಮ ಕುಳಿತ ಕಡೆಗೆ ಹೊರಳಿದವು. ತನ್ನದೇ ಲೆಕ್ಕ, ತಾನೇ ಬರೆದದ್ದು. ಆದರೂ ಅವಳು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದಳು.

ಮರುದಿನ ಕಣ್ಣಮ್ಮ ಹಣೆಯ ತುಂಬ ಕುಂಕುಮವಿಟ್ಟು ಬೀದಿಗಿಳಿದಳು. ಮಗಳು ತಡೆಯಲಿಲ್ಲ, ಉಗಿದವರ ಬಾಗಿಲಿಗೆ ಹೋಗಿ ಜಗಳವಾಡಿ ಬಂದಳು.

ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ, ಐದು ದಿನದ ಜ್ವರದಲ್ಲಿ ಮೇನಕಾ ತೀರಿಕೊಂಡಳು. ಬಿಟ್ಟುಹೋದದ್ದು ಇಷ್ಟು:

ಎರಡು ಕನ್ನಡಕ.
ಅರ್ಧ ಹೊಲಿದ ರವಿಕೆ.
ಆರು ಕೋಳಿ.
ಸುಮಂಗಲಿಯಂತೆ ಓಡಾಡುವ ತಾಯಿ.
ಪ್ರೋಗ್ರಾಮಿನ ಕೊನೆಗೆ, ಸುಳ್ಳು ಬಣ್ಣವನ್ನು ಪೂರ್ತಿ ಅಳಿಸಬಲ್ಲ ನಾಲ್ಕು ಸಾಲು. ತಾಯಿಯ ಚಿತ್ರದ ಮೇಲೆ ಒಮ್ಮೆಯೂ ಓಡಿಸದೆ ಬಿಟ್ಟದ್ದು.