ಕುರಿಗಳ ನಡುವೆ ತೆರೆದ ದಾರಿ

ಹುಮನಾಬಾದಿಗೆ ಹೋಗುವಾಗ ಹುಡಗಿ ಎಂಬ ಗ್ರಾಮದ ಹತ್ತಿರದ ಇಳಿಜಾರಿನಲ್ಲಿ ನನ್ನ ತಮ್ಮನ ಸೈಕಲ್ ನಿಲ್ಲದೆ ಓಡತೊಡಗಿತು. ಅದು ಗೇರ್ ಇಲ್ಲದ ಮೌಂಟೇನ್ ಬೈಕ್. ಹಿಂದಿನ ಚಕ್ರ ಬಾಗಿತ್ತೆಂದು ಬೆಳಿಗ್ಗೆ ಹಳೆಯ ಸೈಕಲ್ಲಿನ ಸಣ್ಣ ಚಕ್ರವನ್ನು ತಾನೇ ಕೂಡಿಸಿದ್ದ. "ಗಾಲಿ ಸಣ್ಣದಿದ್ರ ಏನಾತು, ತಿರಗ್ತದಲ್ಲ" ಎಂದಿದ್ದ. ತಿರುಗುತ್ತಿತ್ತು, ಆದರೆ ಬ್ರೇಕಿನ ರಬ್ಬರು ಆ ಸಣ್ಣ ರಿಮ್ಮಿಗೆ ತಾಗುತ್ತಿರಲಿಲ್ಲ. ಈಗ ಮುಂದಿನ ಬ್ರೇಕಿನ ತಂತಿಯೂ ಹರಿದಿತ್ತು.

ಕೆಳಗೆ ರಸ್ತೆಯ ಅಗಲಕ್ಕೂ ಕುರಿಗಳು ದಾಟುತ್ತಿದ್ದವು. ಹಿಂದೆ ಸ್ಕೂಟರಿನಲ್ಲಿದ್ದ ನಾನು "ನಿಲ್ಲು, ನಿಲ್ಲು" ಎಂದು ಕೂಗುತ್ತಲೇ ಇದ್ದೆ. ಕುರಿ ಕಾಯುವ ಹೆಣ್ಣುಮಗಳು ಒಮ್ಮೆ ತಲೆಯೆತ್ತಿ ನೋಡಿದಳು. ಹಿಂದಿನ ಕುರಿಗಳ ಎದುರು ಕೋಲನ್ನು ಅಡ್ಡ ಹಿಡಿದು ನಿಂತಳು. ಮುಂದಿನವು ದಾಟಿಹೋದವು. ನಡುವೆ ತೆರೆದ ಜಾಗದಲ್ಲಿ ತಮ್ಮ ಹಾದುಹೋಗಿ, ಆಚೆಯ ಏರಿನಲ್ಲಿ ತಾನಾಗಿಯೇ ನಿಂತ.

ಸ್ಕೂಟರ್ ನಿಲ್ಲಿಸಿ ಆಕೆಗೆ ನಮಸ್ಕರಿಸಿದೆ. "ಅವಗ ನಿಲ್ಲಾಕ ಆಗವಲ್ದು, ನೀವು ನೋಡಿದ್ರ ನಿಲ್ಲು ನಿಲ್ಲು ಅಂತ ಒದರಾಕತ್ತೀರಿ. ಅದಕ್ಕ ನಾ ದಾರಿ ಬಿಟ್ಟೆ ನೋಡ್ರಿ" ಎಂದು ಕುರಿಗಳ ಹಿಂದೆ ಹೊರಟಳು. ತಮ್ಮ ಸೈಕಲ್ ತಳ್ಳಿಕೊಂಡೇ ಹುಮನಾಬಾದಿಗೆ ಬಂದ.

ಈಗ ಯಾರಾದರೂ ಕೈಮೀರಿ ಓಡುತ್ತಿರುವುದು ಕಂಡರೆ ನಾನು ಕೂಗುವುದಿಲ್ಲ. ಅವರಿಗೆ ಎಲ್ಲಿ ಜಾಗ ಬಿಡಬಹುದೆಂದು ಮೊದಲು ನೋಡುತ್ತೇನೆ.