ಸಾಳವೆ ಮನೆ ಮುಂದಿನ ಚಪ್ಪಲಿಗಳು

ಎಂಬತ್ತೆಂಟರಲ್ಲಿ ಧಾರವಾಡದಿಂದ ನಾಸಿಕ್ ರೋಡಿಗೆ ವರ್ಗವಾಗಿ ಬಂದ ಬ್ಯಾಂಕಿನ ಬಿಂದುಮಾಧವರಿಗೆ ಎದುರುಮನೆಯ ಪಾದ್ರಿ ಸಾಳವೆಯ ಮೇಲೆ ಮೊದಲಿನಿಂದಲೂ ಗುಮಾನಿ. ಗೋಪುರವಿಲ್ಲ, ಗಂಟೆಯಿಲ್ಲ, ಮನೆಯಲ್ಲೇ ಭಾನುವಾರದ ಪ್ರಾರ್ಥನೆ. ಇದ್ಯಾವ ಸೀಮೆಯ ಚರ್ಚು! ಗೋಡೆಯ ಮೇಲೆ ಬೇರೆ ಇಡೀ ಜಿಲ್ಲೆಯ ನಕ್ಷೆ. ಯಾಕೆಂದು ಕೇಳಿದರೆ, "ಊರೂರಿಗೂ ಇಂಥ ಮನೆ ಆಗಬೇಕು, ಸಾಹೇಬ್" ಎಂದು ನಕ್ಕಿದ್ದ.

ಅಂದಿನಿಂದ ಬಿಂದುಮಾಧವರು ಪ್ರತಿ ಭಾನುವಾರ ಬಾಲ್ಕನಿಯಲ್ಲಿ ನಿಂತು, ಅವನ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಮೇಲೆ ಕಣ್ಣಿಟ್ಟರು. ಅವು ಹೆಚ್ಚುತ್ತಲೇ ಹೋದವು.

ಒಂದು ಭಾನುವಾರ ಪೇಟೆಯಿಂದ ಬರುವಾಗ ನೋಡಿದರೆ ಅರ್ಧಕ್ಕರ್ಧ ಕಡಿಮೆ! "ಮುಗೀತು ಇವನ ಆಟ" ಎಂದು ಹಿಗ್ಗುತ್ತ ತಮ್ಮ ಮೆಟ್ಟಿಲೇರಿದರು.

ಉಳಿದರ್ಧ ಅವರ ಬಾಗಿಲಲ್ಲೇ ಇದ್ದವು.

ಹೆಂಡತಿ ಭಾನುಮತಿ ತುಟಿಯ ಮೇಲೆ ಬೆರಳಿಟ್ಟು ಹೊರಬಂದಳು. "ಸಾವಕಾಶ ಬರ್ರಿ. ಅವರ ಮನ್ಯಾಗ ಜಾಗಾ ಸಾಲವಲ್ತಂತ, ಅರ್ಧ ಮಂದಿ ಇಲ್ಲೇ ಕೂಡ್ಲಿ ಅಂದೆ."