ಯಾವುದಕ್ಕಿಂತ ಚಿಕ್ಕದು?

ನಮ್ಮೂರು ಮರಳವಾಡಿ ಕಡೆ. ಓದಲೆಂದು ನನ್ನನ್ನು ಚನ್ನಪಟ್ಟಣದ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಆ ಕಾಲದಲ್ಲಿ ಹೆಣ್ಣುಮಗಳು ಇಂಗ್ಲಿಷ್ ಓದುತ್ತಾಳೆಂದರೆ ಬೀದಿಯೇ ತಿರುಗಿ ನೋಡುತ್ತಿತ್ತು. ನೋಡಲಿ ಅಂತಲೇ ನಾನೂ ಪುಸ್ತಕ ಎದೆಗವಚಿಕೊಂಡು ನಡುಬೀದಿಯಲ್ಲಿ ಹೋಗುತ್ತಿದ್ದೆ. ಜಂಬ ಅಂದರೆ ಜಂಬ. ಅಪ್ಪನಿಗೆ ಮಾತ್ರ ಇದರಲ್ಲಿ ನಂಬಿಕೆ ಇರಲಿಲ್ಲ. "ರಾಗಿ ಕುಯ್ಲು ಮುಗಿಸ್ಕೊಂಡು ಬತ್ತೀನಿ. ನಿನ್ ಓದಿಂದ ಯಾರಿಗಾದ್ರೂ ಉಪಯೋಗ ಆಗೈತೆ ಅಂದ್ರೆ ಸರಿ, ಇಲ್ದಿದ್ರೆ ಗಾಡಿ ಹತ್ತು" ಎಂದು ಹೇಳಿ ಹೋಗಿದ್ದರು.

ಪಕ್ಕದ ಮನೆಯಲ್ಲಿ ಬೊಂಬೆ ಕಡೆಯುವ ಮುದುಕರಿದ್ದರು. ಬೊಂಬೆ ಸಾಹೇಬರು ಅಂತಲೇ ಎಲ್ಲರೂ ಕರೆಯುತ್ತಿದ್ದುದು. ಬೆಂಗಳೂರು ದಂಡಿನಲ್ಲಿ ಮಕ್ಕಳ ಶಾಲೆ ನಡೆಸುತ್ತಿದ್ದ ಒಬ್ಬ ದೊರೆಸಾನಿ ಹಿಂದೆ ಅವರಿಂದ ಒಂದು ಬೊಂಬೆ ಕೊಂಡಿದ್ದಳಂತೆ. ಈಗ ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದಳು. ಸಾಹೇಬರು ಅದನ್ನು ತಂದು ನನ್ನ ಕೈಗೇ ಕೊಟ್ಟರು. ಅಂಥದೇ ಇಪ್ಪತ್ತು ಬೊಂಬೆ ಬೇಕು, ಆದರೆ 'ಸ್ಮಾಲರ್' ಆಗಿರಬೇಕು ಎಂಬಲ್ಲಿಯವರೆಗೆ ಓದಿದೆ. ಮುಂದಿನ ಎರಡು ಸಾಲು ಬಗೆಹರಿಯಲಿಲ್ಲ.

"ಸ್ಮಾಲರ್ ಅಂದ್ರೆ?"

ಶಾಲೆಯ ಮೇಷ್ಟರು ರಾಗವಾಗಿ ಹೇಳಿಕೊಟ್ಟದ್ದನ್ನು ಒಪ್ಪಿಸಿದೆ: "ಇನ್ನೂ ಚಿಕ್ಕದು."

"ಯಾವ್ದಕ್ಕಿಂತ?"

ಹೀಗೊಂದು ಪ್ರಶ್ನೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಗೆ ಏಳಲಿಲ್ಲ. "ಬರೆದಿರೋದೇ ಅಷ್ಟು. ಇನ್ನೂ ಚಿಕ್ಕದು, ಇನ್ನೂ ಚಿಕ್ಕದು ಅಂತ" ಎಂದುಬಿಟ್ಟೆ.

ಸಾಹೇಬರ ಬಳಿ ಅಳತೆಪಟ್ಟಿ ಇರಲಿಲ್ಲ. ಮರ ತಿರುಗಿಸಿ ಕಡೆಯುವ ಚರಕಿಯಿಂದ ಈಗಷ್ಟೇ ಇಳಿದ ಬೊಂಬೆಯನ್ನು ಕಣ್ಣೆದುರಿಗಿಟ್ಟುಕೊಂಡು ಮುಂದಿನದನ್ನು ಕಡೆಯುವುದು ಅವರ ಪದ್ಧತಿ. ಒಂದಕ್ಕೆ ಇನ್ನೊಂದೇ ಅಳತೆ. ಹಾಗಾಗಿ ಮೊದಲ ಬೊಂಬೆ ಗೇಣುದ್ದ, ಎರಡನೆಯದು ಅದಕ್ಕಿಂತ ಚಿಕ್ಕದು, ಮೂರನೆಯದು ಅದಕ್ಕೂ ಚಿಕ್ಕದು. ಇಪ್ಪತ್ತನೆಯದು ಹುಣಸೆಬೀಜದಷ್ಟಿತ್ತು! ಅದಕ್ಕೂ ಕೆಂಪು ಅರಗು ಹಚ್ಚಿ, ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟಿದ್ದರು. ಏನೋ ಎಡವಟ್ಟಾಗಿದೆ ಎಂದು ಆಗಲೇ ಅನ್ನಿಸಿತು. ಆದರೂ ಬೊಂಬೆ ತುಂಬಿದ ಬುಟ್ಟಿಯ ಮೇಲೆ ದೊರೆಸಾನಿಯ ವಿಳಾಸ ಬರೆದುಕೊಟ್ಟೆ.

ಬುಟ್ಟಿ ಹೋದ ರೈಲಿನಲ್ಲೇ ವಾಪಸು ಬಂತು. ಜೊತೆಗಿದ್ದ ಕಾಗದವನ್ನು ಈ ಸಲ ಮೇಷ್ಟರು ಓದಿದರು. ಮೊದಲು ಕೊಂಡ ಬೊಂಬೆಗಿಂತ ಚಿಕ್ಕದು, ಮಗುವಿನ ಮುಷ್ಟಿಗೆ ಹಿಡಿಯುವಂಥದು, ಇಪ್ಪತ್ತೂ ಒಂದೇ ಸಮ ಇರಬೇಕಿತ್ತಂತೆ. ಮುದುಕರ ಎರಡು ವಾರದ ದುಡಿಮೆ ನನ್ನಿಂದ ಮಣ್ಣುಪಾಲಾಯಿತು.

ಅದೇ ವಾರ ಅಪ್ಪ ಸಾತನೂರಿನ ಮೇಲೆ ಗಾಡಿ ಹೊಡೆದುಕೊಂಡು ಬಂದರು. ಮಾವ ಜಗಲಿಯಲ್ಲಿ ಕೂತು ಎಲ್ಲ ಒದರಿದ. ಬಾಗಿಲ ಹಿಂದೆ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಓದು ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಸಾಹೇಬರು ಬುಟ್ಟಿ ಹಿಡಿದುಕೊಂಡು ಬಂದು, ಬೊಂಬೆಗಳನ್ನು ಜಗಲಿಯ ಮೇಲೆ ಸಾಲಾಗಿ ಜೋಡಿಸಿದರು.

"ನಿಮ್ ಮಗಳು ಸರಿಯಾಗೇ ಓದವ್ಳೆ ಯಜಮಾನ್ರೇ. ತಪ್ಪು ಈ ಮುದುಕನ ಕೈಯ್ದು. ಮತ್ತೆ ಕಾಗದ ಬತ್ತದೆ. ಇವ್ಳು ಹೊಂಟೋದ್ರೆ ನಂಗೆ ಓದೋರು ಯಾರು?"

ಅಪ್ಪ ಕೊನೆಯ ಬೊಂಬೆಯನ್ನು ಅಂಗೈಲಿಟ್ಟುಕೊಂಡು ಹೊರಳಿಸಿ ನೋಡಿದರು. ಆಮೇಲೆ ಒಬ್ಬರೇ ಗಾಡಿ ಹತ್ತಿದರು.

ಮುಂದೆ ನಾನು ಕನಕಪುರದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವವಳಾದೆ. ಆ ಇಪ್ಪತ್ತು ಬೊಂಬೆಗಳನ್ನು ಸಾಹೇಬರು ನನಗೇ ಕೊಟ್ಟಿದ್ದರು. ನಡುವಿನದೊಂದನ್ನು ಎತ್ತಿ "ಇದು ಚಿಕ್ಕದೋ, ದೊಡ್ಡದೋ?" ಎಂದರೆ ನನ್ನ ತರಗತಿಯ ಮಕ್ಕಳು ಮೋಸ ಹೋಗುವುದಿಲ್ಲ. "ಯಾವ್ದಕ್ಕಿಂತ?" ಎಂದು ನನ್ನನ್ನೇ ಕೇಳುತ್ತಾರೆ. ಆಗೆಲ್ಲ ಆ ಮುದುಕರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಕೆಲಸ ಸಿಕ್ಕ ವರ್ಷ ಅವರ ಬಳಿ ಹೋಗಿ ಒಪ್ಪಿಕೊಂಡೆ. "ಅವತ್ತು ನನಗೆ ಪೂರ್ತಿ ಓದೋಕೆ ಬರಲಿಲ್ಲ. ಸುಳ್ಳು ಹೇಳಿದೆ" ಎಂದೆ.

"ಬುಟ್ಟಿ ವಾಪಸ್ ಬಂದಾಗ್ಲೇ ಗೊತ್ತಾಯ್ತು ಕಣವ್ವ" ಎಂದರು ಸಾಹೇಬರು, ಕೈಲಿದ್ದ ಕೆಲಸ ಬಿಡದೆ. "ಗೊತ್ತಿಲ್ಲ ಅನ್ನೋಕೆ ನೀನು ಒಸಿ ದೊಡ್ಡೋಳಾಗ್ಬೇಕಿತ್ತು. ಅದ್ಕೇ ಇನ್ನೊಸಿ ದಿನ ಓದ್ಲಿ ಅಂದೆ."